ಸರ್ಕಾರಿ ಜಾಲಿಯಲ್ಲಿ ಗೀಜಗ

ದಿನಾಂಕ: ಶ್ರಾವಣದ ಎರಡನೆಯ ಭಾನುವಾರ. ವೇಳೆ: ಬೆಳಿಗ್ಗೆ ಆರು ಗಂಟೆ ಹತ್ತು ನಿಮಿಷ. ಸ್ಥಳ: ಹೊಸಪೇಟೆ, ನಮ್ಮ ಮನೆಯ ಹಿತ್ತಲು. ಹಾಜರಿದ್ದವರು: ನಾನು, ನನ್ನ ಹೆಂಡತಿ ಪಾರ್ವತಿ, ಗಾದಿಗನೂರಿನ ತಿಪ್ಪಣ್ಣ, ಕೊಡಲಿ ಮತ್ತು ಗರಗಸದ ಸಮೇತ, ಬಂಡ್ರಿಯ ಹುಲಿಗೆಮ್ಮ, ನಾಲಿಗೆಯ ಸಮೇತ. ಕೆಲಸ: ಜಾಲಿ ಮರ ಒಂದನ್ನು ಬುಡಸಹಿತ ತೆಗೆಯುವುದು. ಮುಗಿಯಬೇಕಾದ ವೇಳೆ: ಒಂಬತ್ತು.

ಹುಲಿಗೆಮ್ಮನ ನಾಲಿಗೆಯನ್ನು ಮಾತ್ರ ಈಗ ಸೇರಿಸಿದ್ದೇನೆ. ಉಳಿದದ್ದೆಲ್ಲ ಡೈರಿಯಲ್ಲಿ ಹೇಗಿದೆಯೋ ಹಾಗೆ.

ಪ್ರತಿ ತಿಂಗಳ ಒಂದನೆಯ ತಾರೀಖು ಹಳೆಯ ಡೈರಿಗಳ ಟ್ರಂಕು ತೆರೆದು ಒರೆಸುವುದು ನನ್ನ ಪದ್ಧತಿ. ಅದರೊಳಗೆ ಏನಿದೆಯೆಂದು ನನಗೆ ಗೊತ್ತು. ಮುಚ್ಚಳದ ಒಳಗೆ ಅಂಟಿಸಿದ ಪಟ್ಟಿಗೂ ಗೊತ್ತು. ಆದರೂ ಒರೆಸುತ್ತೇನೆ. ಈ ಸಲ ಒರೆಸುವಾಗ ಎಂಬತ್ತರ ದಶಕದ ಡೈರಿಯೊಂದು ಕೈಜಾರಿ ಬಿದ್ದು, ಸರಿಯಾಗಿ ಈ ಪುಟಕ್ಕೇ ತೆರೆದುಕೊಂಡಿತು. ಒರೆಸುವ ಕೆಲಸ ಅಲ್ಲಿಗೆ ನಿಂತಿತು. ಪದ್ಧತಿಗೆ ಇದು ಭಂಗವೇ, ಒಪ್ಪುತ್ತೇನೆ.

ಆಗ ನಾನು ಕಾಲುವೆ ಇಲಾಖೆಯಲ್ಲಿ ವರ್ಕ್ ಇನ್‌ಸ್ಪೆಕ್ಟರ್. ದಿನಾಂಕ, ವೇಳೆ, ಹಾಜರಿದ್ದವರು, ಮಾಡಿದ ಕೆಲಸ ಈ ನಾಲ್ಕನ್ನು ಬರೆಯದೆ ಊಟಕ್ಕೆ ಕೂತವನಲ್ಲ. ಮದುವೆಯ ದಿನವೂ ಬರೆದಿದ್ದೇನೆ. ಆ ಪುಟದಲ್ಲಿ ಹಾಜರಿದ್ದವರು ಎಂಬ ಕಡೆ "ಸುಮಾರು ನಾನೂರು ಮಂದಿ, ಮತ್ತು ವಧು" ಎಂದಿದೆ. ಪಾರ್ವತಿ ಅದನ್ನು ಓದಿದ ದಿನ ನಮ್ಮ ಮನೆಯ ಒಗ್ಗರಣೆಗೂ ಸದ್ದಿರಲಿಲ್ಲ.

ಈ ಶಿಸ್ತು ನನ್ನದಲ್ಲ, ನಮ್ಮಪ್ಪನದು. ಅಪ್ಪ ಯಶವಂತನಗರದಲ್ಲಿ ಗಣಿಯ ಟೈಮ್‌ಕೀಪರ್. ನಮ್ಮ ಮನೆಯಲ್ಲಿ ಹಲ್ಲುಜ್ಜುವುದಕ್ಕೊಂದು ಸೈರನ್, ಊಟಕ್ಕೊಂದು ಸೈರನ್. ಅದಿರಿನ ಲಾರಿಗಳು ಎಬ್ಬಿಸಿದ ಧೂಳಿನಲ್ಲಿ ಬೆಳಿಗ್ಗೆ ತೊಟ್ಟ ಬಿಳಿ ಅಂಗಿ ಸಂಜೆಗೆ ಕಾವಿಯಾಗುತ್ತಿತ್ತು. ನೋಡಿದವರಿಗೆ ನಾವು ಐದು ಮಕ್ಕಳೂ ದಿನಾ ಸಂಜೆ ಸನ್ಯಾಸ ತೆಗೆದುಕೊಂಡಂತೆ ಕಾಣುತ್ತಿತ್ತು. ಭಾನುವಾರ ಎಂಟು ಗಂಟೆಗೆ ಅಪ್ಪ ನಮ್ಮನ್ನು ಅಂಗಳದಲ್ಲಿ ಎತ್ತರದ ಪ್ರಕಾರ ಸಾಲು ನಿಲ್ಲಿಸಿ ಹುಲ್ಲು ಕೀಳಿಸುತ್ತಿದ್ದರು. "ಯಾರು ಹಚ್ಚಿದ್ದು ಇದನ್ನ?" ಎಂದು ಒಂದು ತುಂಬೆ ಗಿಡದತ್ತ ಬೆರಳು ತೋರಿಸಿ ಕೇಳುವರು. ಯಾರೂ ಹಚ್ಚಿರುವುದಿಲ್ಲ. "ಯಾರೂ ಹಚ್ಚಲಿಲ್ಲಂದ್ರ ಯಾಕ ನಿಂತೈತಿ? ಕೀಳು!" ಹಚ್ಚಿದ್ದು ಗಿಡ, ತಾನಾಗಿ ಹುಟ್ಟಿದ್ದು ಕಸ. ಸಸ್ಯಶಾಸ್ತ್ರವನ್ನು ನಾನು ಓದಿದ್ದು ಅಷ್ಟೇ.

ಇಲಾಖೆಗೆ ಸೇರಿದ ಮೇಲೆ ಕಸ ಎಂಬ ಮಾತು ಹೋಗಿ 'ಜಂಗಲ್' ಬಂತು. ಕಾಲುವೆ ದಂಡೆಯ ಮೇಲೆ ಹುಟ್ಟಿದ್ದೆಲ್ಲ ಜಂಗಲ್. ತಂಗಡಿಯೂ ಜಂಗಲ್, ಎಕ್ಕೆಯೂ ಜಂಗಲ್, ಬಾರೆಯ ಪೊದೆಯೂ ಜಂಗಲ್. ಅದನ್ನು ಸವರುವುದು ಜಂಗಲ್ ಕಟಿಂಗ್. ಅರವತ್ತರ ದಶಕದಲ್ಲಿ ಕಾಲುವೆ ಹೊಸತು, ನೀರು ಹೊಸತು, ನಾನೂ ಹೊಸಬ. ಭತ್ತ, ಕಬ್ಬು, ಬಾಳೆ ಎಲ್ಲಿ ನೋಡಿದರಲ್ಲಿ ಹಸಿರು. ಆ ಹಸಿರಿಗಾಗಿ ಹಳೆಯ ಹಸಿರನ್ನು ಎಷ್ಟು ಮೈಲಿ ಕಡಿಸಿದೆನೆಂದು ಕೇಳಬೇಡಿ, ಬರೆದಿಟ್ಟಿದ್ದೇನೆ, ಹೇಳಲಾರೆ.

ಪಾರ್ವತಿಯನ್ನು ನಾನು ಮೊದಲು ನೋಡಿದ್ದು ಅಂಥ ಒಂದು ಜಂಗಲ್ ಕಟಿಂಗ್‌ನಲ್ಲಿಯೇ. ಕಂಪ್ಲಿಯ ಕಡೆಯ ಹಳ್ಳಿ. ಹೊಸ ಕಾಲುವೆಯ ದಾರಿಯಲ್ಲಿ ಅವರ ಹೊಲದ ಬಾವಿಯಿತ್ತು, ಬಾವಿಯ ಮೇಲೆ ಬಾಗಿದ ಒಂದು ಕರಿಜಾಲಿ, ಅದರ ತುಂಬ ಗೀಜಗನ ಗೂಡುಗಳು. ಹದಿನೇಳರ ಹುಡುಗಿಯೊಬ್ಬಳು ಬದುವಿನ ಮೇಲೆ ಸೊಂಟದ ಮೇಲೆ ಕೈಯಿಟ್ಟು ನಿಂತಳು.

"ಏ ಇನ್‌ಸ್ಪೆಕ್ಟ್ರ, ಆ ಟೊಂಗಿ ಕಡಿಬ್ಯಾಡ್ರಿ. ಒಳಗ ಮರಿ ಅದಾವ."

"ಹನ್ನೆರಡಕ್ಕ ಜಂಗಲ್ ಮುಗಿಬೇಕಮ್ಮಾ. ಸರ್ಕಾರಿ ಕೆಲಸ ಇದು."

"ಮರಿ ಹಾರಾಕ ಇನ್ನ ಎಂಟು ದಿನ ಬೇಕು. ನಿಮ್ಮ ಸರ್ಕಾರಕ್ಕ ಎಂಟು ದಿನ ತಡಿಯಾಕ ಆಗಂಗಿಲ್ಲೇನು?"

ನಾನು ಗಡಿಯಾರ ನೋಡಿದೆ. ಹನ್ನೊಂದು ನಲವತ್ತು. ಕಡಿಸಿದೆ. ಹನ್ನೆರಡಕ್ಕೆ ಐದು ನಿಮಿಷ ಇರುವಾಗಲೇ ಮುಗಿಯಿತು. ನನಗೆ ಅದರ ಬಗ್ಗೆ ಹೆಮ್ಮೆಯೂ ಆಯಿತು. ಅವಳ ಅಪ್ಪ ಮಾತ್ರ ಸಿಟ್ಟಾಗಲಿಲ್ಲ. ಕಾಲುವೆ ನೀರು ಬರುವ ಖುಷಿಯಲ್ಲಿ ನನಗೆ ಮಜ್ಜಿಗೆ ಕೊಟ್ಟರು. ಹೇಳಿದ ವೇಳೆಗೆ ಬಂದು ಹೇಳಿದ ವೇಳೆಗೆ ಹೋಗುವ ಹುಡುಗ ಎಂದು ಮೆಚ್ಚಿ, ವರ್ಷದೊಳಗೆ ಮಗಳನ್ನೂ ಕೊಟ್ಟರು. ಮಗಳು ಮೆಚ್ಚಿದ್ದಳೇ ಎಂದು ಯಾರೂ ಕೇಳಲಿಲ್ಲ. ಮದುವೆಯ ಮರುದಿನ ಬೆಳಿಗ್ಗೆ ಚಹಾ ತಂದಿಟ್ಟು ಅವಳು ಆಡಿದ ಮೊದಲ ಮಾತು ಇದು: "ಅವತ್ತು ಹನ್ನೆರಡಕ್ಕ ಮುಗೀತೇನ್ರಿ ಜಂಗಲ್?"

ಅಂದಿನಿಂದ ಇಪ್ಪತ್ತು ವರ್ಷ ನಾನು ಬಸ್ಸಿಗೆ ಅವಸರ ಮಾಡಿದರೂ, ಬಿಸಿಲಲ್ಲಿ ಹಪ್ಪಳ ಬೇಗ ತೆಗೆ ಎಂದರೂ, "ತಡೀರಿ, ಇನ್ನ ಎಂಟು ದಿನ ಬೇಕು" ಎನ್ನುವಳು. ನೆಂಟರು ನಗುವರು. ನನಗೆ ಮಾತ್ರ ಗೊತ್ತಿತ್ತು, ನಾನು ಈಕೆಗೆ ಒಂದು ಗೀಜಗನ ಗೂಡಿನ ಬಾಕಿಯಿದ್ದೇನೆ ಎಂದು.

ಹೊಸಪೇಟೆಯಲ್ಲಿ ಸ್ವಂತ ಮನೆ ಕಟ್ಟಿಸಿದಾಗ ತೋಟವನ್ನು ಹಂಚಿಕೊಂಡೆವು. ಸುಣ್ಣದ ಗೆರೆ ನಾನೇ ಎಳೆದೆ. ಮುಂದಿನದು ನನ್ನದು, ಹಿತ್ತಲು ಅವಳದು. ಮುಂದೆ ನಾನು ಕ್ರೋಟನ್ ಗಿಡಗಳನ್ನು ಎರಡಡಿಗೆ ಒಂದರಂತೆ ಹಚ್ಚಿ, ಬುಡಕ್ಕೆ ಬಿಳಿ ಸುಣ್ಣ, ಅದರ ಮೇಲೆ ಕೆಮ್ಮಣ್ಣಿನ ಪಟ್ಟಿ ಬಳಿದೆ. ಪಾರ್ವತಿ ನೋಡಿ, "ಏನ್ರೀ, ಗಿಡಕ್ಕ ಸಾಲಿ ಡ್ರೆಸ್ ಹಾಕೀರೇನು?" ಎಂದಳು.

ಹಿತ್ತಲಲ್ಲಿ ಅವಳು ಏನೂ ಮಾಡಲಿಲ್ಲ. ಅದೇ ನನ್ನ ದೂರು. ಮಳೆ ಬಿತ್ತು, ತಾನಾಗಿ ತುಂಬೆ ಬಂತು, ಉತ್ತರಾಣಿ ಬಂತು, ಬಿಟ್ಟಳು. ಒಂದು ಎಕ್ಕೆ ಹುಟ್ಟಿತು, ಬಿಟ್ಟಳು. ಬಂಡ್ರಿಯಿಂದ ಸೀತಾಫಲ ತಂದು ಮಾರುವ ಹುಲಿಗೆಮ್ಮ, ಬುಟ್ಟಿಯ ಜೊತೆಗೆ ಗುಡ್ಡದ ತಂಗಡಿ ಬೀಜ, ಕವಳೆಯ ಸಸಿ, ಬಂದರಿಕೆಯ ಸಸಿ ತಂದುಕೊಡುವಳು. ಇವಳು ಅವನ್ನು ಸಾಲು ಹಿಡಿಯದೆ, ಅಳತೆ ಮಾಡದೆ, ಮನಸ್ಸು ಬಂದಲ್ಲಿ ಹಚ್ಚುವಳು. ಮೂಲೆಯಲ್ಲಿ ಒಂದು ಕಲ್ಲುರಾಶಿ, ಒಂದು ಒಣಗಿದ ಬೊಡ್ಡೆ, ಗುಡಿಸದ ಎಲೆ. ಮಣ್ಣಿನ ಅಗಲ ತಟ್ಟೆಯಲ್ಲಿ ಹಕ್ಕಿಗಳಿಗೆ ನೀರು.

"ಇದು ಜಂಗಲ್" ಎಂದೆ.

"ಜಂಗಲ್ ಅಲ್ಲ, ತಂಗಡಿ. ಇದು ಕವಳಿ. ಇದು ಬಂದರಕಿ. ಒಂದೊಂದಕ್ಕೂ ಹೆಸರೈತಿ. ನಿಮಗ ಯಾರರ ಬರೇ 'ಮನಷ್ಯಾ' ಅಂತ ಕರದ್ರ ಹೆಂಗಾಗತೈತಿ?"

ಎಕ್ಕೆಯ ಎಲೆಯ ಮೇಲೆ ಪಟ್ಟೆಪಟ್ಟೆಯ ಹುಳು ಬಂದಾಗ ನಾನು ಹುಳ ಕೊಲ್ಲುವ ಬಿಳಿ ಪುಡಿಯ ಡಬ್ಬಿ ಹಿಡಿದು ಸುಣ್ಣದ ಗೆರೆ ದಾಟಿದೆ. ಅವಳು ಡಬ್ಬಿ ಕಸಿದುಕೊಂಡು, "ಗೆರಿ ನೀವ ಎಳದದ್ದು" ಎಂದಳು. ಹದಿನೈದು ದಿನಕ್ಕೆ ಅದೇ ಹುಳು ಕೇಸರಿ ಚಿಟ್ಟೆಯಾಗಿ ನನ್ನ ಕ್ರೋಟನ್ ಮೇಲೆ ಬಂದು ಕೂತಿತು. ಎರಡು ಕ್ಷಣ ಕೂತು, ಅಲ್ಲಿ ತಿನ್ನುವಂಥದ್ದೇನೂ ಇಲ್ಲವೆಂದು ತಿಳಿದು ಹಿತ್ತಲಿಗೆ ವಾಪಸ್ಸು ಹೋಯಿತು. ನನಗೆ ಅವಮಾನವಾಯಿತು ಎಂದರೆ ನೀವು ನಂಬಲಿಕ್ಕಿಲ್ಲ.

ಕ್ರಮೇಣ ಒಂದೊಂದೇ ಬಂದವು. ಕವಳೆಯ ಹಣ್ಣಿಗೆ ಪಿಕಳಾರ ಹಕ್ಕಿ, ಕಲ್ಲುರಾಶಿಗೆ ಓತಿಕ್ಯಾತ, ಗುಡಿಸದ ಎಲೆಯ ಕೆಳಗೆ ಕಪ್ಪೆ, ಕಪ್ಪೆಯ ಹಿಂದೆ ಒಂದು ಮುಂಗುಸಿ. ಮುಂದಿನ ತೋಟಕ್ಕೆ ಪಕ್ಕದ ಮನೆಯ ಆಡೊಂದು ಬಿಟ್ಟರೆ ಯಾರೂ ಬರಲಿಲ್ಲ. ನಾನು ಸೋಲೊಪ್ಪುವ ಬದಲು ರಿಜಿಸ್ಟರ್ ತೆರೆದೆ. ಕ್ರಮಸಂಖ್ಯೆ, ಹೆಸರು, ಬಂದ ವೇಳೆ, ಬಂದ ಉದ್ದೇಶ, ಹೋದ ವೇಳೆ. ಪಿಕಳಾರ ಆರು ಇಪ್ಪತ್ತಕ್ಕೆ ಬರುತ್ತಿತ್ತು. ಒಂದು ದಿನ ಆರು ನಲವತ್ತಾದರೂ ಬಾರದಿದ್ದಾಗ ನಾನು ಲೋಟ ಹಿಡಿದು ಹಿತ್ತಲ ಬಾಗಿಲಲ್ಲೇ ನಿಂತಿದ್ದೆ. ಪಾರ್ವತಿ ಒಳಗಿನಿಂದ ಕೂಗಿದಳು: "ಅದಕ್ಕ ಇವತ್ತು ಸಿ.ಎಲ್. ಇರಬೇಕು, ಬಂದು ಚಾ ಕುಡೀರಿ."

ಎಲ್ಲ ಬಂದರೂ ಗೀಜಗ ಬರಲಿಲ್ಲ. ಹಿತ್ತಲ ಗೋಡೆಗೆ ತಾಗಿ ಹೊಲಗಾಲುವೆ ಹರಿಯುತ್ತಿತ್ತು, ಆಚೆ ಭತ್ತದ ಗದ್ದೆ. ಗೀಜಗ ಗದ್ದೆಗೆ ಬರುತ್ತಿತ್ತು, ನಮ್ಮಲ್ಲಿಗೆ ಬರುತ್ತಿರಲಿಲ್ಲ. ಹುಲಿಗೆಮ್ಮನನ್ನು ಕೇಳಿದೆ.

"ಜಾಲಿ ಹಚ್ರಿ ಸಾಹೇಬ್ರ. ನೀರಿನ ಮ್ಯಾಲೆ ಬಾಗೋ ಮುಳ್ಳಿನ ಟೊಂಗಿ ಬೇಕು ಅದಕ್ಕ. ಹಾವು ಏರಂಗಿಲ್ಲ ನೋಡ್ರಿ."

ಅಷ್ಟು ಹೇಳಿ ಅವಳು ಮಗಳ ಬಾಣಂತನಕ್ಕೆಂದು ಯಶವಂತನಗರಕ್ಕೆ ಹೋದಳು. ನಾನು ತಡಮಾಡಲಿಲ್ಲ. ಜಾಲಿಯಲ್ಲಿ ಯಾವ ಜಾಲಿ? ನಮ್ಮ ಕಚೇರಿಯ ಕಾಗದಗಳಲ್ಲಿ ಒಂದು ಹೆಸರು ದಿನಾ ಕಣ್ಣಿಗೆ ಬೀಳುತ್ತಿತ್ತು: ಬಳ್ಳಾರಿ ಜಾಲಿ. ಮೈಸೂರು ಪಾಕ್ ಮೈಸೂರಿನದು, ಧಾರವಾಡ ಪೇಡೆ ಧಾರವಾಡದ್ದು, ಬಳ್ಳಾರಿ ಜಾಲಿ ಬಳ್ಳಾರಿಯದ್ದು. ನಮ್ಮ ನೆಲದ ಗಿಡ ಎನ್ನುವುದಕ್ಕೆ ಹೆಸರಿಗಿಂತ ಪುರಾವೆ ಬೇಕೇ? ದಂಡೆಯಿಂದ ಒಂದು ಸಸಿ ಕಿತ್ತು ತಂದು, ಪಾರ್ವತಿಯ ಒಪ್ಪಿಗೆ ಪಡೆದು, ಗೆರೆ ದಾಟಿ, ಗೋಡೆಯ ಪಕ್ಕ ನನ್ನ ಕೈಯಾರೆ ನೆಟ್ಟೆ. ರಿಜಿಸ್ಟರಿನಲ್ಲಿ "ಬಳ್ಳಾರಿ ಜಾಲಿ, ಸ್ಥಳೀಯ ಸಸ್ಯ, ಗೀಜಗನ ಸಲುವಾಗಿ" ಎಂದು ಶಾಯಿಯಲ್ಲಿ ಬರೆದೆ.

ಎರಡು ತಿಂಗಳ ಮೇಲೆ ಹುಲಿಗೆಮ್ಮ ಬಂದಳು. ಗಿಡ ನೋಡಿದಳು. ಬುಟ್ಟಿ ಕೆಳಗಿಟ್ಟು, ಸೆರಗು ಬಾಯಿಗೆ ಹಿಡಿದು, ಕಲ್ಲಿನ ಮೇಲೆ ಕೂತು ನಕ್ಕಳು.

"ಅಯ್ಯ ಸಾಹೇಬ್ರ, ಇದು ಸರ್ಕಾರಿ ಜಾಲಿ! ಸರ್ಕಾರದವ್ರು ಎಲ್ಲಿಂದರ ಬೀಜ ತಂದು ಚೆಲ್ಲಿದ್ದು. ನಾ ಹೇಳಿದ್ದು ಕರಿಜಾಲಿ. ಪಾರ್ವತಮ್ಮ, ನೋಡ್ರಿ, ಸರ್ಕಾರಿ ಮನಷ್ಯಾ ಸರ್ಕಾರಿ ಜಾಲಿನ ಹುಡುಕ್ಯಾನ!"

"ಹೆಸರಿನಾಗ ಬಳ್ಳಾರಿ ಐತಲ್ಲ?"

"ಹೆಸರು ಇಟ್ಟವ್ರು ಬ್ಯಾರೆ ಊರಿನವ್ರು. ನಮ್ಮ ಕಡೆ ನೋಡಿ ನಮ್ಮ ತಲಿಗಿ ಕಟ್ಯಾರ. ಜಲ್ದಿ ಕಿತ್ತಾಕ್ರಿ, ಇಲ್ಲಂದ್ರ ಈ ತ್ವಾಟನ ನುಂಗತೈತಿ."

ಆಗ ಅದು ಮೊಣಕಾಲೆತ್ತರವಿತ್ತು. ಎರಡು ಬೆರಳಿನಲ್ಲಿ ಕೀಳಬಹುದಿತ್ತು. ನಾನು ಕೀಳಲಿಲ್ಲ. ಯಾಕೆ? ಶಾಯಿಯಲ್ಲಿ ಬರೆದಿದ್ದೆನಲ್ಲ. ಪೆನ್ಸಿಲ್ಲಿನಲ್ಲಿ ಬರೆದಿದ್ದರೆ ಈ ಪ್ರಬಂಧವೇ ಇರುತ್ತಿರಲಿಲ್ಲ.

ಮೂರು ವರ್ಷದಲ್ಲಿ ಆ ಮರ ನಮ್ಮ ಮಾಳಿಗೆಯ ಎತ್ತರ ಮೀರಿತು. ಬುಡದಲ್ಲೇ ಮೂರಾಗಿ ಕವಲೊಡೆದು, ಎರಡು ಕವಲು ತೋಟದ ಮೇಲೆ, ಒಂದು ಗೋಡೆಯಾಚೆ ಕಾಲುವೆಯ ಮೇಲೆ ಚಾಚಿತು. ಅದರ ಕೆಳಗೆ ಮೊದಲು ತುಂಬೆ ಹೋಯಿತು. ತುಂಬೆಯ ಹಿಂದೆ ಚಿಟ್ಟೆ. ಬಂದರಿಕೆ ಸೊರಗಿತು. ತಂಗಡಿ ಹೂ ಬಿಡುವುದನ್ನು ಬಿಟ್ಟಿತು. ಏಳು ವರ್ಷ ಸಾಕಿದ ಕವಳೆಯ ಎಲೆ ಹಳದಿಗೆ ತಿರುಗಿದಾಗ ಪಿಕಳಾರವೂ ಅಪರೂಪವಾಯಿತು. ಮುಳ್ಳು ಚಪ್ಪಲಿಯನ್ನೂ ದಾಟಿ ಹಿಮ್ಮಡಿ ಹೊಗುತ್ತಿತ್ತು; ಆ ಮೂಲೆಗೆ ಹೋಗುವುದನ್ನೇ ಎಲ್ಲರೂ ನಿಲ್ಲಿಸಿದೆವು. ಒಂದು ಸಂಜೆ ಪಾರ್ವತಿ ನನ್ನ ರಿಜಿಸ್ಟರ್ ತಂದು ಮುಂದಿಟ್ಟಳು. ಆ ವಾರದ ಪುಟದಲ್ಲಿ ಒಂದೇ ಹೆಸರಿತ್ತು, ಕಾಗೆ. ಉದ್ದೇಶ: ಗೊತ್ತಾಗಲಿಲ್ಲ.

"ಭಾನುವಾರ ಕಡಸ್ತೀನಿ" ಎಂದೆ.

ಹೀಗೆ ಬಂತು ಶ್ರಾವಣದ ಆ ಭಾನುವಾರ. ತಿಪ್ಪಣ್ಣ ನನ್ನ ಸೆಕ್ಷನ್ನಿನ ಲಸ್ಕರ್. ಕಾಲುವೆ ಕಾಯುವವರಿಗೆ ನಮ್ಮಲ್ಲಿ ಲಸ್ಕರ್ ಎನ್ನುತ್ತಾರೆ. ಮಾತು ಕಡಿಮೆ, ತೋಳು ಬಲ. ಕಾಲುವೆಯ ಕಡೆಯ ಕವಲಿನಿಂದ ಶುರುಮಾಡುವುದೆಂದು ಗೋಡೆ ಹತ್ತಿದವನು, ಕೊಡಲಿ ಎತ್ತಿದವನು, ಎತ್ತಿದ ಹಾಗೆಯೇ ನಿಂತ.

"ಸಾಹೇಬ್ರ."

"ಏನೋ?"

"ಇಲ್ಲೊಂದು ಗೂಡೈತ್ರಿ."

"ಕಾಗೀದಾ?"

"ಅಲ್ರಿ. ಗೀಜಗಂದು. ಅರ್ಧಾ ಆಗೈತಿ."

ಪಾರ್ವತಿ ಮೆಟ್ಟಿಲು ಹುಡುಕಲಿಲ್ಲ. ಬಟ್ಟೆ ಒಗೆಯುವ ಕಲ್ಲಿನ ಮೇಲೊಂದು ಕಾಲಿಟ್ಟು, ನನ್ನ ಹೆಗಲ ಮೇಲೆ ಕೈಯೂರಿ ಗೋಡೆಯಾಚೆ ಇಣುಕಿದಳು. ಕಾಲುವೆಯ ನೀರಿನ ಮೇಲೆ, ಮುಳ್ಳಿನ ತುದಿಗೊಂಬೆಗೆ, ತಲೆಕೆಳಗಾದ ಬಟ್ಟಲಿನ ಹಾಗೆ ಹಸಿರು ಗೂಡೊಂದು ತೂಗುತ್ತಿತ್ತು. ಹಳದಿ ತಲೆಯ ಗಂಡು ಗೀಜಗ ಕೊಕ್ಕಿನಲ್ಲಿ ಒಂದು ಹಸಿ ಎಳೆ ಹಿಡಿದು ಬಂದು, ನಮ್ಮ ನಾಲ್ವರ ತಲೆಗಳನ್ನೂ ಒಮ್ಮೆ ನೋಡಿ, ಲೆಕ್ಕಕ್ಕಿಡದೆ ನೇಯತೊಡಗಿತು.

ಹೆಗಲ ಮೇಲಿನ ಕೈ ಬಿಗಿಯಾಯಿತು. ಅವಳು ನನ್ನನ್ನು ನೋಡಲಿಲ್ಲ. ನಾನೂ ಅವಳನ್ನು ನೋಡಲಿಲ್ಲ. ಕೊಡಲಿ, ಗೂಡು, ನಾನು ಈ ಮೂವರೂ ಒಂದೆಡೆ ಸೇರಿದ್ದು ಎರಡನೆಯ ಸಲ ಎಂದು ಇಬ್ಬರಿಗೂ ನೆನಪಾಗಿತ್ತು.

"ಇಳೀ ತಿಪ್ಪಣ್ಣ" ಎಂದೆ.

ಇಳಿಯುವುದೇನೋ ಇಳಿದ. ಮುಂದೇನು? ಮರ ಉಳಿದರೆ ಕವಳೆ ದೀಪಾವಳಿಯವರೆಗೆ ಉಳಿಯುವುದಿಲ್ಲ. ಮರ ಹೋದರೆ ಗೂಡು ಈ ಗಳಿಗೆಗೆ ಹೋಯಿತು. ನಾನು ಪಾರ್ವತಿಯನ್ನು ಕೇಳಿದೆ, "ಏನ್ ಮಾಡೂನು?" ಮದುವೆಯಾದ ಮೇಲೆ ಆ ಪ್ರಶ್ನೆಯನ್ನು ಆ ಧ್ವನಿಯಲ್ಲಿ ನಾನು ಕೇಳಿದ್ದು ಮೊದಲ ಸಲವಿರಬೇಕು; ಹುಲಿಗೆಮ್ಮ ಕೂಡ ತಿರುಗಿ ನೋಡಿದಳು.

"ಕುಂದ್ರಿ ಸುಮ್ಮನ" ಎಂದಳು ಹುಲಿಗೆಮ್ಮ. "ಇನ್ನ ಅರ್ಧಾ ಗೂಡು. ಈಗ ಹೆಣ್ಣು ನೋಡಾಕ ಬರ್ತಾವ. ಪಸಂದ ಬಿದ್ರ ಇದು ಪೂರಾ ಮಾಡತೈತಿ. ಬೀಳಲಿಲ್ಲಂದ್ರ ತಾನ ಬಿಟ್ಟು ಹೋಗತೈತಿ, ಆಗ ಕಡಕೊಳ್ರಿ. ಹೆಣ್ಣಿನ ಮಾತು ಬರೋಮಟ ಯಾರ ಕೈಯಾಗೂ ಏನೂ ಇಲ್ಲ."

ಹಾಗೆ ನಾವು ನಾಲ್ವರೂ ಒಗೆಯುವ ಕಲ್ಲಿನ ಸುತ್ತ ಕೂತೆವು. ಆ ದಿನದ ನನ್ನ ವೇಳಾಪಟ್ಟಿ ಹೀಗಿತ್ತು: ಒಂಬತ್ತಕ್ಕೆ ಮರ ಕೆಳಗೆ, ಹನ್ನೊಂದಕ್ಕೆ ಟೊಂಗೆ ಹೊರಗೆ, ಹನ್ನೆರಡಕ್ಕೆ ಸ್ನಾನ. ಒಂಬತ್ತಕ್ಕೆ ನಾವು ಮಾಡಿದ ಕೆಲಸವೆಂದರೆ ಮಂಡಕ್ಕಿ ಒಗ್ಗರಣೆ, ಮಿರ್ಚಿ ತಿಂದದ್ದು. ಹನ್ನೊಂದಕ್ಕೆ ಎರಡನೆಯ ಚಹಾ. ನಾನು ನಾಲ್ಕು ಸಲ ಗಡಿಯಾರ ನೋಡಿದೆ, ಐದನೆಯ ಸಲಕ್ಕೆ ಪಾರ್ವತಿ ಅದನ್ನು ನನ್ನ ಕೈಯಿಂದ ಬಿಚ್ಚಿಸಿ ತನ್ನ ಸೊಂಟಕ್ಕೆ ಸಿಕ್ಕಿಸಿಕೊಂಡಳು.

ಕಾಯುವಾಗ ಜಗಳವಿಲ್ಲದಿದ್ದರೆ ಹೇಗೆ?

"ಏನ ಅನ್ನು, ಗೀಜಗ ಬಂದದ್ದು ನನ್ನ ಮರಕ್ಕ" ಎಂದೆ.

"ಮರ ನಿಮ್ಮದು. ನಾರು?"

"ಯಾವ ನಾರು?"

"ನೇಯಾಕತ್ತೈತಲ್ಲ, ಅದನ್ನ ಎಲ್ಲಿಂದ ತರ್ತೈತಿ ನೋಡ್ರಿ."

ನೋಡಿದೆ. ಹಕ್ಕಿ ದೂರದ ಗದ್ದೆಗೆ ಹೋಗುತ್ತಿರಲಿಲ್ಲ. ನಮ್ಮ ಗೋಡೆಯ ಆಚೆ, ಹೊಲಗಾಲುವೆಯ ದಂಡೆಯ ಮೇಲೆ ಆಳೆತ್ತರ ಬೆಳೆದ ಹುಲ್ಲಿಗೆ ಇಳಿಯುತ್ತಿತ್ತು. ಎಲೆಯ ಅಂಚನ್ನು ಕೊಕ್ಕಿನಿಂದ ಕಚ್ಚಿ ಹಾರಿದರೆ, ಎಳೆ ಸರ್ರನೆ ಉದ್ದಕ್ಕೆ ಸೀಳಿ ಬರುತ್ತಿತ್ತು. ದರ್ಜಿ ಅಂಗಡಿಯಲ್ಲಿ ಬಟ್ಟೆ ಹರಿಯುವ ಹಾಗೆ.

"ಆ ಹುಲ್ಲು ಎರಡು ಸಲ ನಿಮ್ಮ ಗ್ಯಾಂಗಿನವ್ರು ಕೊಯ್ಯಾಕ ಬಂದಿದ್ರು. ನಾನ ಚಾ ಕುಡಿಸಿ ಕಳಿಸೀನಿ" ಎಂದಳು ಪಾರ್ವತಿ.

ನಾನು ತಿಪ್ಪಣ್ಣನನ್ನು ನೋಡಿದೆ. ತಿಪ್ಪಣ್ಣ ತನ್ನ ಕಾಲ ಹೆಬ್ಬೆರಳು ನೋಡಿದ. "ಚಾ ಭಾಳ ಚಲೋ ಇತ್ರಿ" ಎಂದ. ಆಮೇಲೆ, ಇನ್ನೂ ಮೆಲ್ಲಗೆ, "ಆದ್ರ ನಾಳಿ ಮತ್ತ ಬರೋದೈತ್ರಿ ಸಾಹೇಬ್ರ. ಈ ದಂಡಿ ಪೂರಾ ಜಂಗಲ್ ಕಟಿಂಗ್. ನೀವ ಸಹಿ ಮಾಡೀರಿ."

ಮಾಡಿದ್ದೆ. ಶಾಯಿಯಲ್ಲಿ.

ಮಧ್ಯಾಹ್ನ ಮೂರಕ್ಕೆ ಮೊದಲ ಹೆಣ್ಣು ಬಂತು. ಗುಬ್ಬಿಯ ಹಾಗೆ ಸಾದಾ ಬಣ್ಣ, ಮುಖದಲ್ಲಿ ಮಾತ್ರ ತಪಾಸಣೆಯ ಕಳೆ. ನಮ್ಮ ಕಚೇರಿಗೆ ವರ್ಷಕ್ಕೊಮ್ಮೆ ದೊಡ್ಡ ಇಂಜಿನಿಯರರು ಬಂದಾಗ ನಾವೆಲ್ಲ ಹೇಗೆ ಕೈಕಾಲು ಆಡಿಸುತ್ತಿದ್ದೆವೋ ಗಂಡು ಗೀಜಗ ಹಾಗೆಯೇ ಆಡಿತು. ರೆಕ್ಕೆ ಬಡಿಯಿತು, ಚೀರಿತು, ಗೂಡಿಗೆ ಜೋತುಬಿದ್ದು ತೂಗಿತು. ಹೆಣ್ಣು ಒಳಹೊಕ್ಕು, ಒಂದು ಎಳೆ ಎಳೆದು ನೋಡಿ, ಹೊರಬಂದು ಹೋಯಿತು. ಗಾರೆಯನ್ನು ಬೆರಳಿನಿಂದ ಕೆರೆದು, ಏನೂ ಹೇಳದೆ ಜೀಪು ಹತ್ತುವವರನ್ನು ನಾನು ಕಂಡಿದ್ದೇನೆ.

"ಹೋತು" ಎಂದ ತಿಪ್ಪಣ್ಣ, ಮತ್ತು ಕೊಡಲಿಯ ಕಡೆ ನೋಡಿದ.

"ಒಬ್ಬಾಕಿ ಬ್ಯಾಡ ಅಂದ್ರ ಲೋಕ ಮುಳುಗಲಿಲ್ಲ" ಎಂದಳು ಹುಲಿಗೆಮ್ಮ. "ನಿಮ್ಮ ಸಾಹೇಬ್ರನ್ನ ಪಾರ್ವತಮ್ಮ ಒಪ್ಪಾಕ ಎಷ್ಟು ವರ್ಷ ಹಿಡೀತು ಕೇಳ್ರಿ."

"ಇನ್ನ ವಿಚಾರ ಮಾಡಾಕತ್ತೀನಿ" ಎಂದಳು ಪಾರ್ವತಿ. ಆದರೆ ಅವಳು ನಗುತ್ತಿರಲಿಲ್ಲ. ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಸುತ್ತಿ ಬಿಚ್ಚುತ್ತಿದ್ದಳು.

ಗಂಡು ಗೀಜಗ ಬೇಸರಪಡಲಿಲ್ಲ. ಕಾಲುವೆಯಂಚಿನಿಂದ ಹಸಿ ಮಣ್ಣು ತಂದು ಗೂಡಿನ ಒಳಗೆ ಮೆತ್ತಿತು, ಎರಡು ಎಳೆ ಬಿಚ್ಚಿ ಬೇರೆ ಕಡೆ ಹೆಣೆಯಿತು. ತಪಾಸಣೆಯಲ್ಲಿ ಕಂಡ ದೋಷಗಳನ್ನು ಸರಿಪಡಿಸಲಾಗಿದೆ ಎಂದು ನಾವು ಬರೆಯುತ್ತಿದ್ದೆವಲ್ಲ, ಈ ಹಕ್ಕಿ ನಿಜವಾಗಿಯೂ ಸರಿಪಡಿಸುತ್ತಿತ್ತು. ನಾಲ್ಕಕ್ಕೆ ಎರಡನೆಯ ಹೆಣ್ಣು ಬಂತು. ಹೊರಗೆಲ್ಲ ನೋಡಿತು. ಒಳಗೆ ಹೋಯಿತು. ಹೊರಬರಲಿಲ್ಲ. ಗೂಡು ಅಲುಗತೊಡಗಿತು.

"ಒಳಗ ಏನ್ ಮಾಡಾಕತ್ತೈತಿ?" ನಾನು ಪಿಸುಗುಟ್ಟಿದೆ.

"ಸಾಮಾನು ಜೋಡಸಾಕತ್ತೈತಿ" ಎಂದಳು ಹುಲಿಗೆಮ್ಮ. "ಆತು. ಪಸಂದ."

ಪಾರ್ವತಿ ಸೆರಗಿನಿಂದ ಮುಖ ಒರೆಸಿಕೊಂಡಳು. ಬೆವರು ಎಂದುಕೊಂಡರೆ ಬೆವರು. ಆಮೇಲೆ ಎದ್ದು, ಮರದ ಬುಡಕ್ಕೆ ಹೋಗಿ, ಮೂರು ಕವಲುಗಳನ್ನೂ ಸುತ್ತಿ ನೋಡಿದಳು. ಇಲಾಖೆಯಲ್ಲಿದ್ದರೆ ಅವಳು ನನ್ನ ಮೇಲಧಿಕಾರಿಯಾಗಿರುತ್ತಿದ್ದಳು.

"ಇದು, ಇದು ತ್ವಾಟದ ಮ್ಯಾಲಿನವು. ಇವೆರಡು ಹೋಗ್ಲಿ. ಗೋಡಿ ಆಚೆಗಿನದು ಇರ್ಲಿ. ಕೊಡ್ಲಿ ಬ್ಯಾಡ, ಮರ ನಡಗತೈತಿ. ಗರಗಸ ಹಿಡೀರಿ, ಹಕ್ಕಿ ಬಂದಾಗ ನಿಲ್ಲಸ್ರಿ."

ಇಲಾಖೆಯ ಕೆಲಸವನ್ನು ನಾನು ಇಂಥ ಪದ್ಧತಿಯಲ್ಲಿ ಎಂದೂ ಮಾಡಿಸಿರಲಿಲ್ಲ. ಗರಗಸದ ಒಂದು ತುದಿ ತಿಪ್ಪಣ್ಣ, ಇನ್ನೊಂದು ತುದಿ ನಾನು. ಹುಲಿಗೆಮ್ಮ ಗೋಡೆಯ ಮೇಲೆ ಕಾವಲು. "ಬಂತು!" ಎಂದರೆ ನಾವು ಗರಗಸವನ್ನು ಕಚ್ಚಿಸಿದಲ್ಲೇ ಬಿಟ್ಟು ಕಲ್ಲಾಗುವೆವು. "ಹೋತು!" ಎಂದರೆ ಮತ್ತೆ ಸರ್ ಸರ್. ಹತ್ತು ನಿಮಿಷದ ಕೆಲಸ ಒಂದು ಗಂಟೆ ಹಿಡಿಯಿತು. ನಡುವೆ ಒಂದು ಸಲ ಹಕ್ಕಿ ಬಾರದೆಯೂ "ಬಂತು!" ಎಂದಳು, ನಾನು ಒಂಟಿ ಕಾಲಿನಲ್ಲಿ ನಿಂತ ಭಂಗಿ ನೋಡಬೇಕೆನ್ನಿಸಿತಂತೆ. ಎರಡು ಕವಲುಗಳನ್ನು ಹಗ್ಗ ಕಟ್ಟಿ ಮೆಲ್ಲಗೆ ಇಳಿಸಿದೆವು. ಎಷ್ಟೋ ದಿನದ ಮೇಲೆ ಬಿಸಿಲು ನೆಟ್ಟಗೆ ಕವಳೆಯ ಮೇಲೆ ಬಿತ್ತು. ಹಳದಿ ಎಲೆಗಳು ಉದುರಲಿ, ಅವುಗಳ ನಡುವೆ ಗೆಣ್ಣಿನಲ್ಲಿ ಒಂದೆರಡು ಹಸಿರು ಚುಕ್ಕೆ ಕಂಡವು. ಗಂಡು ಗೀಜಗ ಮಾತ್ರ ಒಮ್ಮೆಯೂ ಕೆಲಸ ನಿಲ್ಲಿಸಲಿಲ್ಲ. ಅದು ಈಗ ಬಟ್ಟಲನ್ನು ಮುಚ್ಚಿ, ಕೆಳಗಿಳಿಯುವ ಕೊಳವೆ ಶುರುಮಾಡಿತ್ತು.

ಹುಲಿಗೆಮ್ಮ ಮಡಿಲಿನಿಂದ ಒಂದು ಗಂಟು ಬಿಚ್ಚಿದಳು. ಒಣ ಆಡಿನ ಹಿಕ್ಕೆ.

"ಕರಿಜಾಲಿ ಕಾಯಿ ತಿಂದ ಆಡಿಂದು. ಬೀಜ ಅದರಾಗ ಅದಾವ. ಹಿಂಗ ಹಚ್ಚಿದ್ರ ಚಲೋ ಹುಟ್ಟತಾವ. ಇವು ದೊಡ್ಡವಾದ ಮ್ಯಾಲೆ ಸರ್ಕಾರಿ ಜಾಲಿನ ಪೂರಾ ತಗೀರಿ. ಈ ಸಲ ಹೆಸರು ಕೇಳಿ ಬರಕೊಳ್ರಿ ಸಾಹೇಬ್ರ."

ಗೋಡೆಯುದ್ದಕ್ಕೂ ಪಾರ್ವತಿ ಬೆರಳು ತೋರಿಸಿದಲ್ಲಿ ಗುಳಿ ತೋಡಿ ಹೂತೆ. ಎರಡು ಗುಳಿಗಳ ನಡುವೆ ಎಷ್ಟು ಅಂತರ ಎಂದು ಡೈರಿಯಲ್ಲಿಲ್ಲ. ಅಳೆದಿರಲಿಲ್ಲ.

ಬೆಳಕು ಇನ್ನೂ ಇತ್ತು. ಒಂದು ಕೆಲಸ ಉಳಿದಿತ್ತು, ನಾಳೆಯ ಜಂಗಲ್ ಕಟಿಂಗ್‌ನಿಂದ ಗೀಜಗನ ಹುಲ್ಲನ್ನು ಉಳಿಸುವುದು. ದಂಡೆಯ ಮೇಲೆ ದುರಸ್ತಿ ನಡೆಯುವಾಗ ಎರಡೂ ತುದಿಗೆ ಗೂಟ ಹೊಡೆದು ಕೆಂಪು ಬಾವುಟ ಕಟ್ಟುವುದು ನಮ್ಮ ಇಲಾಖೆಯ ಕ್ರಮ. ಬಾವುಟವಿರುವ ಜಾಗಕ್ಕೆ ಯಾವ ಗ್ಯಾಂಗೂ ಕುಡುಗೋಲು ಹಾಕುವುದಿಲ್ಲ. ಇಲಾಖೆಯ ಬಾವುಟಗಳು ನನ್ನ ಸೈಕಲ್ಲಿನ ಪೆಟ್ಟಿಗೆಯಲ್ಲೇ ಇದ್ದವು. ಆದರೆ ಅವು ಇಲಾಖೆಯವು. ನಾನು ನಿಂತೇ ಇರುವುದನ್ನು ನೋಡಿ ಪಾರ್ವತಿ ಒಳಗೆ ಹೋಗಿ, ಯಾರೋ ಉಡಿ ತುಂಬಿದ ಕೆಂಪು ಖಣವೊಂದನ್ನು ತಂದು, ಹಲ್ಲಿನಿಂದ ಕಚ್ಚಿ ಎರಡು ತುಂಡು ಮಾಡಿದಳು.

ಹುಲ್ಲು ಶುರುವಾಗುವಲ್ಲಿ ಒಂದು ಗೂಟ. ನಲವತ್ತು ಹೆಜ್ಜೆ ಆಚೆ, ಹುಲ್ಲು ಮುಗಿಯುವಲ್ಲಿ ಇನ್ನೊಂದು. ನಾನು ಹೊಡೆಯುತ್ತಿದ್ದೆ, ತಿಪ್ಪಣ್ಣ ಹಿಡಿದಿದ್ದ.

"ಸಾಹೇಬ್ರ, ನಾಳಿ ಗ್ಯಾಂಗಿನವ್ರು ಬಾವುಟ ಯಾಕಂತ ಕೇಳಿದ್ರ ಏನ್ ಹೇಳ್ಲಿ?"

"ಇಲ್ಲಿ ಕೆಲಸ ನಡದೈತಿ ಅಂತ ಹೇಳು."

"ಎಂದ ಮುಗಿತೈತಿ ಅಂದ್ರ?"

ನಾನು ಕಾಲುವೆಯ ಮೇಲಿನ ಟೊಂಗೆಯತ್ತ ನೋಡಿದೆ. ಕೊಳವೆ ಎರಡು ಬೆರಳು ಇಳಿದಿತ್ತು.

"ಮುಗಿದಾಗ" ಎಂದೆ. ಎರಡನೆಯ ಗೂಟಕ್ಕೆ ಇನ್ನೆರಡು ಪೆಟ್ಟು ಹಾಕಿ, ಅಲುಗಿಸಿ ನೋಡಿ, ಬಟ್ಟೆಯ ಗಂಟು ಬಿಗಿದೆ.